ಡಾಕ್ಟ್ರ ಬಾಟ್ಲಿ

ಮೊನ್ನೆ ಪುತ್ತೂರಿನ ಒಂದು ಲ್ಯಾಬಿನಲ್ಲಿ ಕೌಂಟರಿನ ಹುಡುಗಿ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಹೆಬ್ಬೆರಳಿನಷ್ಟು ಎತ್ತರ, ಹಳದಿ ಮುಚ್ಚಳ, ಹೊರಗೆ ನನ್ನ ಹೆಸರಿನ ಚೀಟಿ. ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ನನ್ನ ಜೊತೆಗಿದೆ. ಈಗ ಅದು ಕಿಡ್ನಿಗೂ ಕೈ ಹಾಕಿದೆಯೋ ಏನೋ ನೋಡಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ನಾನು ಮುಚ್ಚಳ ತೆಗೆದು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದೆ. ಹುಡುಗಿ ನಗು ತಡೆದುಕೊಂಡು, "ಅಜ್ಜ, ಅದು ಹೊಸತು, ಎಂತದೂ ಇಲ್ಲ ಅದರಲ್ಲಿ" ಎಂದಳು. ಇಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಮೂಸಿದೆ. ಅರವತ್ತನೇ ಇಸವಿಯ ಮಳೆಗಾಲದಲ್ಲಿ ಸುಳ್ಯದಲ್ಲಿ ಹೀಗೆಯೇ ಒಂದು ಬಾಟ್ಲಿಯನ್ನು ಮೂಸಿ, ಗೊತ್ತಾಗಬೇಕಾದ್ದು ಗೊತ್ತಾಗಿ, ಬಾಯಿ ಮುಚ್ಚಿಕೊಂಡು ಕೂತವನು ನಾನು. ಅಂದಿನಿಂದ ಇಂಥ ಪಾತ್ರೆ ಯಾವುದು ಕೈಗೆ ಬಂದರೂ ಮೂಸದೆ ಇರಲು ಆಗುವುದಿಲ್ಲ.

ಆಗ ಸುಳ್ಯ ಇನ್ನೂ ಪುತ್ತೂರು ತಾಲೂಕಿನೊಳಗೇ ಇತ್ತು. ಪೇಟೆ ಎಂದರೆ ಒಂದು ರಸ್ತೆ, ಅದರ ಎರಡು ಬದಿಯ ಅಂಗಡಿಗಳು, ಬಸ್ಸು ನಿಲ್ಲುವ ಜಾಗ. ಬಸ್ಸು ನಿಲ್ಲುವಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ನಮ್ಮ ಡಾಕ್ಟ್ರ ಶಾಪು. ಕ್ಲಿನಿಕ್ ಎಂದು ಯಾರೂ ಹೇಳುತ್ತಿರಲಿಲ್ಲ, ಶಾಪು ಎಂದೇ ರೂಢಿ. ಎರಡು ಕೋಣೆ, ರೋಗಿಗಳು ಕೂರುವ ಉದ್ದದ ಬೆಂಚು, ಒಂದು ಮೂಲೆಯಲ್ಲಿ ಅಡ್ಡ ಹಲಗೆ ಹಾಕಿದ ನನ್ನ ಸಾಮ್ರಾಜ್ಯ. ಅಲ್ಲಿ ನಾನು ಎಂಟು ವರ್ಷದಿಂದ ಕಂಪೌಂಡರ್. ಕೆಂಪು ಮಿಕ್ಸ್ಚರು, ಬಿಳಿ ಮಿಕ್ಸ್ಚರು ಬೆರೆಸಿ, ಎಷ್ಟು ಸಲ ಕುಡಿಯಬೇಕೋ ಅಷ್ಟು ಹಲ್ಲು ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟ್ಲಿಯ ಹೊಟ್ಟೆಗೆ ಅಂಟಿಸಿ ಕೊಡುವುದು, ಮುಲಾಮು ಅರೆಯುವುದು, ಇಂಜೆಕ್ಷನ್ ಚುಚ್ಚುವುದು ಎಲ್ಲ ನನ್ನದೇ. ಡಾಕ್ಟ್ರು ಮನೆಮನೆಗೆ ರೋಗಿ ನೋಡಲು ಹೋದಾಗ ಸಣ್ಣಪುಟ್ಟ ಜ್ವರಕ್ಕೆ ನಾನೇ ಮದ್ದು ಕೊಡುತ್ತಿದ್ದೆ. ಜನ ನನ್ನನ್ನು ಸಣ್ಣ ಡಾಕ್ಟ್ರು ಎಂದು ಕರೆಯುತ್ತಿದ್ದರು. ಆ ಹೆಸರನ್ನು ನಾನು ಒಮ್ಮೆಯೂ ಬೇಡ ಎನ್ನಲಿಲ್ಲ.

ನನಗೆ ಒಂದೇ ಆಸೆ ಇತ್ತು. ಮಂಗಳೂರಿಗೆ ಹೋಗಿ ಮೂತ್ರ, ರಕ್ತ, ಕಫ ಪರೀಕ್ಷೆ ಮಾಡುವುದನ್ನು ಆರು ತಿಂಗಳು ಕಲಿತು ಬರಬೇಕು, ಶಾಪಿನಲ್ಲಿ ನನ್ನದೇ ಒಂದು ಪರೀಕ್ಷೆಯ ಮೇಜು ಇಡಬೇಕು. ಡಾಕ್ಟ್ರಿಗೆ ಎರಡು ಸಲ ಹೇಳಿದ್ದೆ. ನೀನು ಹೋದರೆ ಇಲ್ಲಿ ಮದ್ದು ಬೆರೆಸುದು ಯಾರು, ನೋಡುವ, ಬರುವ ವರ್ಷ ನೋಡುವ ಎಂದಿದ್ದರು. ಆ ಬರುವ ವರ್ಷದ ಜೂನಿನಲ್ಲಿ, ಮೊದಲ ಮಳೆಯ ಜೊತೆಗೇ, ಒಂದು ಮರದ ಪೆಟ್ಟಿಗೆ ಹೊತ್ತುಕೊಂಡು ಫೆಲಿಕ್ಸ್ ಬಸ್ಸಿನಿಂದ ಇಳಿದ.

ಮಂಗಳೂರಿನ ಕಡೆಯವನು. ಇಪ್ಪತ್ತೆರಡು ವರ್ಷ. ನಾನು ಕಲಿಯಬೇಕೆಂದಿದ್ದನ್ನು ಕಲಿತು ಬಂದವನು. ಡಾಕ್ಟ್ರ ಸ್ನೇಹಿತರೊಬ್ಬರು ಶಿಫಾರಸು ಮಾಡಿದ್ದರಂತೆ. ನನ್ನ ಹಲಗೆಯ ಪಕ್ಕದಲ್ಲಿ, ಕಿಟಕಿಯ ಒಳ್ಳೆಯ ಬೆಳಕಿರುವಲ್ಲಿ, ಅವನಿಗೆ ಮೇಜು ಹಾಕಿಸಿದರು. ಆ ಜಾಗವನ್ನು ನಾನು ಎಷ್ಟು ದಿನ ಮನಸ್ಸಿನಲ್ಲೇ ಅಳೆದು ಇಟ್ಟಿದ್ದೆನೋ ನನಗೇ ಗೊತ್ತು. ಪೆಟ್ಟಿಗೆಯಿಂದ ಸ್ಪಿರಿಟ್ ದೀಪ, ಗಾಜಿನ ನಳಿಗೆಗಳು, ಅವನ್ನು ಹಿಡಿಯುವ ಮರದ ಚಿಮಟ, ನೀಲಿ ದ್ರಾವಣದ ಶೀಶೆ ಒಂದೊಂದಾಗಿ ಹೊರಗೆ ಬಂದವು. ನಾನು ಮುಲಾಮು ಅರೆಯುತ್ತ ನೋಡುತ್ತಿದ್ದೆ. ಅರೆದದ್ದು ಆ ದಿನ ಸ್ವಲ್ಪ ಜಾಸ್ತಿಯೇ ನಯವಾಯಿತು.

ಹೊಟ್ಟೆಕಿಚ್ಚಿಗೆ ಕಾರಣ ಬೇಕಲ್ಲ, ಅವನು ದಿನಕ್ಕೊಂದು ಒದಗಿಸಿದ. ಸೊಕ್ಕಿನವನಾಗಿದ್ದರೆ ನನಗೆ ಸುಲಭವಿತ್ತು. ಅವನು ಬೆಳಿಗ್ಗೆ ನನಗಿಂತ ಮೊದಲು ಬಂದು ಬೆಂಚು ಒರೆಸಿಡುತ್ತಿದ್ದ, ನನ್ನನ್ನು ವಾಸಣ್ಣ ಎಂದು ಕರೆಯುತ್ತಿದ್ದ, ತುಳುವಿನಲ್ಲಿ ಮುದುಕಿಯರನ್ನು ನಗಿಸುತ್ತಿದ್ದ. ಅವನನ್ನು ಬಯ್ಯಲು ಒಂದು ನೆಪ ಸಿಗದೆ ನಾನು ಒಳಗೊಳಗೇ ಬೇಯುತ್ತಿದ್ದೆ.

ಅವನ ಕೆಲಸ ಹೀಗೆ. ನಳಿಗೆಯಲ್ಲಿ ಮೂತ್ರ ತುಂಬಿಸಿ ಮೇಲಿನ ಭಾಗವನ್ನು ದೀಪಕ್ಕೆ ಹಿಡಿಯುತ್ತಿದ್ದ. ಕಿಡ್ನಿ ಸೋರುತ್ತಿದ್ದರೆ ಮೊಟ್ಟೆಯ ಬಿಳಿ ಬೆಂದ ಹಾಗೆ ಅಲ್ಲಿ ಬೆಳ್ಳಗೆ ಹೆಪ್ಪು ಕಟ್ಟುತ್ತಿತ್ತು. ಇನ್ನೊಂದು ನಳಿಗೆಯಲ್ಲಿ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕುದಿಸುತ್ತಿದ್ದ. ನೀಲಿ ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ಆದರೆ ಉಂಟು. ಇಟ್ಟಿಗೆ ಕೆಂಪಾದರೆ ತುಂಬ ಉಂಟು. ಸರ್ಕಸ್ ನೋಡುವವರಂತೆ ರೋಗಿಗಳು ಅವನ ಮೇಜಿನ ಸುತ್ತ ಮುತ್ತಿಕೊಳ್ಳುತ್ತಿದ್ದರು. ನನ್ನ ಮಿಕ್ಸ್ಚರಿಗೆ ಬಣ್ಣ ಬದಲಿಸುವ ಯೋಗ್ಯತೆ ಇರಲಿಲ್ಲ.

ಆ ಮಳೆಗಾಲ ಕಜ್ಜಿ ವಿಪರೀತ. ಒದ್ದೆ ಬಟ್ಟೆ, ಒಂದೇ ಚಾಪೆಯಲ್ಲಿ ನಾಲ್ಕೈದು ಮಕ್ಕಳು, ಒಬ್ಬರಿಗೆ ಬಂದರೆ ಮನೆಗೇ ಬಂತು. ನಾನು ಗಂಧಕದ ಮುಲಾಮು ಅರೆದು ಅರೆದು ಡಬ್ಬಿಗೆ ತುಂಬುತ್ತಿದ್ದೆ. ಜುಲೈ ಹೊತ್ತಿಗೆ ಮುಖ ಊದಿದ ಮಕ್ಕಳು ಬರಲು ಶುರುವಾದರು. ಬೆಳಿಗ್ಗೆ ಕಣ್ಣು ತೆರೆಯಲಾಗದ ಹಾಗೆ ರೆಪ್ಪೆ ಊದಿರುತ್ತದೆ, ಮೂತ್ರ ಕಪ್ಪು ಚಹದಂತೆ ಸ್ವಲ್ಪವೇ ಬರುತ್ತದೆ. ಪ್ರತಿ ವರ್ಷವೂ ಬರುತ್ತಿದ್ದರು, ಡಾಕ್ಟ್ರು ಉಪ್ಪು ಬಿಡಿಸಿ ಮದ್ದು ಬರೆಯುತ್ತಿದ್ದರು, ನಾನು ಬೆರೆಸುತ್ತಿದ್ದೆ. ಫೆಲಿಕ್ಸ್ ಮಾತ್ರ ಪ್ರತಿ ತಾಯಿಯ ಹತ್ತಿರವೂ ಒಂದೇ ಪ್ರಶ್ನೆ ಕೇಳುತ್ತಿದ್ದ: ಈಚೆಗೆ ಕಜ್ಜಿ ಆಗಿತ್ತಾ? ಹತ್ತರಲ್ಲಿ ಎಂಟು ಜನ ಹೌದೆಂದರು. ಅವನು ಅದನ್ನು ಒಂದು ಪುಸ್ತಕದಲ್ಲಿ ಬರೆದು ಡಾಕ್ಟ್ರಿಗೆ ತೋರಿಸಿದ. ಡಾಕ್ಟ್ರು ಎಲ್ಲರೆದುರು ಅವನ ಬೆನ್ನು ತಟ್ಟಿ ನನಗೆ ಪಾಠ ಮಾಡಿದರು.

"ಕಿಡ್ನಿ ತಾನಾಗಿ ಕೆಡುದು ಕಡಿಮೆ, ವಾಸು. ಬೇರೆ ಎಲ್ಲಿಯೋ ಒಂದು ರೋಗ ಇರ್ತದೆ, ಅದು ಬಂದು ಇದನ್ನು ಕೆಡಿಸುದು. ಆ ಮೂಲ ಹುಡುಕ್ಬೇಕು. ಇವನು ಹುಡುಕ್ತಾನೆ."

ಆ ಕಜ್ಜಿಗೆ ಎಂಟು ವರ್ಷ ಮುಲಾಮು ಕೊಟ್ಟವನು ನಾನು. ಅದೇ ಮಕ್ಕಳು ಹದಿನೈದು ದಿನ ಬಿಟ್ಟು ಊದಿಕೊಂಡು ಬಂದಾಗ ಮಿಕ್ಸ್ಚರು ಕೊಟ್ಟವನೂ ನಾನೇ. ಎರಡನ್ನೂ ಸೇರಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ, ಮೊನ್ನೆ ಜೂನಿನಲ್ಲಿ ಬಂದವನಿಗೆ ಬಂತು. ಆ ದಿನ ನಾನು ಮಧ್ಯಾಹ್ನದ ಊಟ ಅರ್ಧಕ್ಕೆ ಬಿಟ್ಟು ಎದ್ದೆ.

ಮುಂದಿನದ್ದು ಇನ್ನೂ ಉರಿಸುವಂಥದ್ದು. ಸವಣೂರಿನಿಂದ ಒಬ್ಬ ದರ್ಜಿ ಬರುತ್ತಿದ್ದ. ಪುತ್ತೂರು ಹತ್ತಿರವಾದರೂ ನನ್ನ ಕೈಗುಣ ಒಳ್ಳೆಯದೆಂದು ಸುಳ್ಯಕ್ಕೆ ಬರುವವನು. ಸೊಂಟದ ಒಂದು ಬದಿ ನೋವು, ಮೂತ್ರ ಉರಿ. ಮೂರು ತಿಂಗಳು ನನ್ನ ಸೋಡದ ಮಿಕ್ಸ್ಚರು ಕುಡಿದು, ಗುಣ ಉಂಟು ಎಂದು ಮರ್ಯಾದೆಗೆ ಹೇಳುತ್ತಿದ್ದ. ಫೆಲಿಕ್ಸ್ ಅವನ ಮೂತ್ರವನ್ನು ಬೆಳಕಿಗೆ ಹಿಡಿದು, ಇದು ಕೀವು ಎಂದ. ಕೆಮ್ಮು ಇತ್ತಾ ಎಂದು ಕೇಳಿದ. ಎರಡು ವರ್ಷದ ಹಿಂದೆ ಇತ್ತು. ಡಾಕ್ಟ್ರು ಮಂಗಳೂರಿಗೆ ಕಳಿಸಿದರು. ಶ್ವಾಸಕೋಶದ ಕ್ಷಯ ಕಿಡ್ನಿಗೆ ಬಂದು, ಅಲ್ಲಿಂದ ಮೂತ್ರದ ನಾಳಕ್ಕೆ ಇಳಿದು, ನಾಳ ಅರ್ಧ ಮುಚ್ಚಿಹೋಗಿದೆ ಎಂದು ಕಾಗದ ಬಂತು. ದರ್ಜಿ ವಾಪಸು ಬಂದವನು ನೆಟ್ಟಗೆ ಫೆಲಿಕ್ಸನ ಮೇಜಿಗೆ ಹೋಗಿ ಕೈ ಮುಗಿದ. ನನ್ನ ಮಗ್ಗುಲಲ್ಲೇ ಹಾದು ಹೋದ. ಹೋಗುವಾಗ, ಬರ್ತೇನೆ ಸಣ್ಣ ಡಾಕ್ಟ್ರೆ ಎಂದ. ನಾನು ಹೂಂ ಎಂದು ತಲೆ ಎತ್ತಿದರೆ ಅವನು ನೋಡುತ್ತಿದ್ದುದು ಫೆಲಿಕ್ಸನನ್ನು.

ಒಂದು ಹೆಸರಿಗೆ ಇಷ್ಟು ಸಂಕಟಪಡಬೇಕೇ ಎಂದು ಈಗ ಕೇಳುವುದು ಸುಲಭ. ನನಗೆ ಆಗ ಇದ್ದ ಆಸ್ತಿ ಅದೊಂದೇ. ಅವನು ಒಮ್ಮೆ ತಪ್ಪಬೇಕು, ಎಲ್ಲರೆದುರು ತಪ್ಪಬೇಕು ಎಂದು ನಾನು ದೇವರ ಹತ್ತಿರವೂ ಕೇಳಿದ್ದೇನೆ. ಸುಳ್ಳು ಹೇಳುವುದಿಲ್ಲ.

ಆಟಿ ತಿಂಗಳ ಕೊನೆಯಲ್ಲಿ, ಎಂದರೆ ಆಗಸ್ಟಿನ ನಡುವಿಗೆ, ಒಂದು ಮಂಗಳವಾರ ಗುತ್ತಿಗಾರಿನ ಬಸ್ಸಿನ ಕಂಡಕ್ಟರು ಒಂದು ಬಾಟ್ಲಿ ತಂದು ಕೊಟ್ಟ. ಬಾಳೆಲೆಯ ಸುರುಳಿಯಲ್ಲಿ ಬಾಯಿ ಮುಚ್ಚಿತ್ತು, ಜೊತೆಗೊಂದು ಚೀಟಿ. ಗುತ್ತಿಗಾರಿನ ಕುಶಾಲಪ್ಪ ಗೌಡರದ್ದು. ಊರಿನಲ್ಲಿ ಮಾತು ನಡೆಯುವ ಮನುಷ್ಯ, ನಮ್ಮ ಡಾಕ್ಟ್ರಿಗೆ ಬಹಳ ಬೇಕಾದವರು. ಕಾಲು ಊದಿದೆ, ಮೂತ್ರ ಕಡಿಮೆಯಾಗಿದೆ, ನಾಟಿ ಮುಗಿಯದೆ ಬರಲಾಗುವುದಿಲ್ಲ, ಇದನ್ನು ನೋಡಿ ಮದ್ದು ಹೇಳಿ ಕಳಿಸಿ ಎಂದು ಮಗ ಪದ್ಮಯ್ಯ ಬರೆದಿದ್ದ.

ಬಾಟ್ಲಿಯನ್ನು ಕಂಡಂತೆಯೇ ನನಗೆ ಗುರುತು ಸಿಕ್ಕಿತು. ಚೌಕ ಹೆಗಲಿನ ದಪ್ಪ ಗಾಜು, ಕೊರಳಿನಲ್ಲಿ ಒಂದು ಚೂರು ಒಡೆದಿತ್ತು. ಗೌಡರು ವರ್ಷಕ್ಕೊಮ್ಮೆ ಡಾಕ್ಟ್ರಿಗೆ ಕಾಡಿನ ಜೇನು ಕಳಿಸುತ್ತಿದ್ದುದು ಅದರಲ್ಲೇ. ಅವರ ಮನೆಯಲ್ಲಿ ಅದಕ್ಕೆ ಡಾಕ್ಟ್ರ ಬಾಟ್ಲಿ ಎಂದೇ ಹೆಸರು. ಜೇನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡ ಮೇಲೆ ಬಾಟ್ಲಿಯನ್ನು ಹಿಂದೆ ಕಳಿಸುವುದು ನನ್ನ ಕೆಲಸ. ಕೊಟ್ಟವರ ಪಾತ್ರೆಯನ್ನು ಬರಿದು ಮಾಡಿ ಹಿಂದೆ ಕೊಡಬಾರದು ಎಂದು ನಮ್ಮಲ್ಲಿ ಪದ್ಧತಿ. ತೊಳೆದು ಕೊಡುವುದೆಂದರಂತೂ ನಿಮ್ಮ ಕೈಯಿಂದ ಇನ್ನು ಏನೂ ಬೇಡ, ಸಂಬಂಧ ಸಾಕು ಎಂದ ಹಾಗೆ. ಅದಕ್ಕೇ ತಳದಲ್ಲಿ ಒಂದು ಬೆರಳು ಜೇನು ಬಿಟ್ಟು, ಬಿರಡೆ ಹಾಕಿ, ಮೇ ತಿಂಗಳಲ್ಲಿ ನಾನೇ ಕಂಡಕ್ಟರನ ಕೈಗೆ ಕೊಟ್ಟಿದ್ದೆ. ಈಗ ಡಾಕ್ಟ್ರಿಗೆ ಏನೋ ಕಳಿಸಬೇಕಾಯಿತು, ಡಾಕ್ಟ್ರ ಬಾಟ್ಲಿ ಇದೆಯಲ್ಲ ಎಂದು ಆ ಮನೆಯವರು ಅದನ್ನೇ ತೆಗೆದಿದ್ದರು. ಒಮ್ಮೆ ತಣ್ಣೀರು ಹಾಕಿ ಕುಲುಕಿದ್ದರೂ ಇರಬಹುದು. ಗಟ್ಟಿಯಾದ ಜೇನು ತಣ್ಣೀರಿಗೆ ಬಿಡುವಂಥದ್ದಲ್ಲ.

ನಾನು ಬಾಳೆಲೆ ಸರಿಸಿ ಮೂಸಿದೆ. ಮೂತ್ರದ ವಾಸನೆಯ ಅಡಿಯಲ್ಲಿ ಜೇನು ಸ್ಪಷ್ಟವಾಗಿ ಇತ್ತು. ಬಾಟ್ಲಿಯನ್ನು ಮತ್ತೆ ಮುಚ್ಚಿ ಫೆಲಿಕ್ಸನ ಮೇಜಿನ ಮೇಲೆ ಇಟ್ಟೆ. ಏನೂ ಹೇಳಲಿಲ್ಲ.

ಅವನು ಎಂದಿನಂತೆ ಎರಡು ನಳಿಗೆ ತೆಗೆದ. ಒಂದರಲ್ಲಿ ಬೆಳ್ಳಗೆ ಹೆಪ್ಪು ಕಟ್ಟಿತು. ಇನ್ನೊಂದರಲ್ಲಿ ನೀಲಿ ಹೋಗಿ ಹಸಿರು, ಹಳದಿ, ಕಿತ್ತಳೆ ಎಲ್ಲ ದಾಟಿ ಇಟ್ಟಿಗೆ ಕೆಂಪಾಯಿತು. ನಾನು ಒರಳಿನ ಮೇಲೆ ಬಗ್ಗಿ ನಕ್ಕೆ. ನಕ್ಕದ್ದು ಯಾರಿಗೂ ಕಾಣಲಿಲ್ಲ ಎಂದುಕೊಂಡೆ. ಫೆಲಿಕ್ಸ್ ಬರೆದ ಪರೀಕ್ಷೆಯ ಚೀಟಿ ನೋಡಿ ಡಾಕ್ಟ್ರು ಬೇಸರಪಟ್ಟರು. ಗೌಡರಿಗೆ ಸಕ್ಕರೆ ಕಾಯಿಲೆ, ಅದೂ ಕಿಡ್ನಿಯವರೆಗೆ ಬಂದದ್ದು. ಅನ್ನ, ಬೆಲ್ಲ ನಿಲ್ಲಿಸಲಿ, ರಾಗಿ ತಿನ್ನಲಿ, ನಾಟಿ ಬಿಟ್ಟು ಒಮ್ಮೆ ಬಂದು ಹೋಗಲಿ ಎಂದು ಅದೇ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದರು. ಸಕ್ಕರೆಯ ಗಡಿಬಿಡಿಯಲ್ಲಿ ಉಪ್ಪಿನ ಮಾತು ಬರಲೇ ಇಲ್ಲ.

ನನ್ನ ಲೆಕ್ಕಾಚಾರ ಸರಳ. ಗೌಡರು ಬರುತ್ತಾರೆ, ಹೊಸ ಮೂತ್ರ ಪರೀಕ್ಷೆಯಾಗುತ್ತದೆ, ನೀಲಿ ನೀಲಿಯೇ ಉಳಿಯುತ್ತದೆ, ಫೆಲಿಕ್ಸನ ಮುಖ ಕೆಂಪಾಗುತ್ತದೆ. ಯಾರಿಗೂ ನಷ್ಟವಿಲ್ಲ, ಎರಡು ದಿನ ಅನ್ನ ಬಿಟ್ಟರೆ ಯಾರೂ ಸಾಯುವುದಿಲ್ಲ. ಬುಧವಾರ ಇಡೀ ದಿನ ನನಗೆ ಖುಷಿಯೋ ಖುಷಿ. ಫೆಲಿಕ್ಸನಿಗೆ ನಾನಾಗಿಯೇ ಚಹ ತರಿಸಿಕೊಟ್ಟೆ. ಗುರುವಾರ ಬಸ್ಸು ಬಂತು, ಗೌಡರು ಬರಲಿಲ್ಲ. ಶುಕ್ರವಾರ ಮಳೆಗೆ ಬಸ್ಸೇ ಬರಲಿಲ್ಲ. ಆ ಸಂಜೆ ನಾನು ಬಸ್ಸು ನಿಲ್ಲುವ ಜಾಗಕ್ಕೆ ಎರಡು ಸಲ ಹೋಗಿ ನೋಡಿ ಬಂದೆ. ಬಾಯಿ ಬಿಡಲು ಆಗಲೂ ಹೊತ್ತಿತ್ತು. ಹೇಳಿದರೆ ಮೂರು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ ಎಂದು ಸುಮ್ಮನಿದ್ದೆ.

ಶನಿವಾರ ಹತ್ತು ಗಂಟೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಗೌಡರನ್ನು ತಂದರು. ಇಬ್ಬರು ಹಿಡಿದು ಒಳಗೆ ಕರೆದುಕೊಂಡು ಬಂದರು. ಮುಖ ಗುರುತು ಸಿಗದಷ್ಟು ಊದಿತ್ತು. ಕಾಲನ್ನು ಒತ್ತಿದರೆ ಬೆರಳು ಹೂತುಹೋಗುತ್ತಿತ್ತು. ಕೂತಲ್ಲೇ ಕಣ್ಣು ಮುಚ್ಚಿ ತೂಗುತ್ತಿದ್ದರು, ಕೇಳಿದ್ದಕ್ಕೆ ಅರ್ಧ ಉತ್ತರ. ಪದ್ಮಯ್ಯ ಹೇಳಿದ: ಅನ್ನ ಇಲ್ಲದೆ ಅವರಿಗೆ ಏನೂ ಸೇರುದಿಲ್ಲ, ರಾಗಿ ಅಂಬಲಿಗೆ ಉಪ್ಪಿನಕಾಯಿ ನೆಂಜಿಕೊಂಡೇ ನಾಲ್ಕು ದಿನ ಕಳೆದದ್ದು. ಬೇರೆ ರೋಗದಿಂದ ಕೆಟ್ಟ ಕಿಡ್ನಿಗೆ ಉಪ್ಪು ಎಂದರೆ ಏನು ಎಂದು ಆ ಮಳೆಗಾಲದಲ್ಲಿ ಶಾಪಿನ ಗೋಡೆಗಳಿಗೂ ಗೊತ್ತಿತ್ತು.

ಫೆಲಿಕ್ಸ್ ತೊಳೆದ ಬಾಟ್ಲಿ ಹಿಡಿದುಕೊಂಡು ಅರ್ಧ ಗಂಟೆ ಕಾದ. ಬೆಳಿಗ್ಗೆಯಿಂದ ಒಂದು ಹನಿ ಮೂತ್ರ ಬಂದಿರಲಿಲ್ಲ, ಈಗಲೂ ಬರಲಿಲ್ಲ. ನಾನು ನಂಬಿ ಕೂತಿದ್ದ ಎರಡನೆಯ ಪರೀಕ್ಷೆ ನಡೆಯುವ ಹಾಗೇ ಇರಲಿಲ್ಲ. ಅವನು ಪದ್ಮಯ್ಯನನ್ನು, ಇವರಿಗೆ ಕಜ್ಜಿ ಏನಾದರೂ ಆಗಿತ್ತಾ ಎಂದು ಕೇಳಿದ. ಪದ್ಮಯ್ಯನಿಗೆ ಸಿಟ್ಟು ಬಂತು.

"ಎಂತ ಮಾತು ಮಾರಾಯ್ರೆ. ನಮ್ಮದು ಅಂಥ ಮನೆ ಅಲ್ಲ."

ಡಾಕ್ಟ್ರು ಅಂಗಿಯ ಮೇಲಿಂದಲೇ ಎದೆ ನೋಡಿದರು. ಗೌಡರಂಥವರನ್ನು ಅಷ್ಟು ಜನರೆದುರು ಬಟ್ಟೆ ಬಿಚ್ಚಿಸುವ ಕ್ರಮ ಇರಲಿಲ್ಲ. ಮಂಗಳವಾರದ ಚೀಟಿಯನ್ನು ಮತ್ತೆ ತೆಗೆದು ನೋಡಿದರು. ಇಟ್ಟಿಗೆ ಕೆಂಪು. ರೋಗಿಗೆ ಮಂಪರು. ಸಕ್ಕರೆ ತಲೆಗೆ ಏರುತ್ತಿದೆ, ಇನ್ನು ಕಾಯುವ ಹಾಗಿಲ್ಲ ಎಂದು ನಿಶ್ಚಯಿಸಿದರು. ರಕ್ತದಲ್ಲಿ ನೋಡಬೇಕಾದರೆ ಮಂಗಳೂರಿಗೇ ಹೋಗಬೇಕು, ಅಷ್ಟು ಹೊತ್ತು ಇಲ್ಲ. ಇಷ್ಟು ಯೂನಿಟ್ ಇನ್ಸುಲಿನ್ ಕೊಡು ಎಂದು ನನಗೆ ಬರೆದುಕೊಟ್ಟು ಒಳಕೋಣೆಯ ಇನ್ನೊಬ್ಬ ರೋಗಿಯ ಕಡೆಗೆ ತಿರುಗಿದರು.

ಒದ್ದೆ ಮರಳಿನ ಮಡಕೆಯೊಳಗೆ ಇಟ್ಟಿದ್ದ ಇನ್ಸುಲಿನ್ ಶೀಶೆಯನ್ನು ತೆಗೆದೆ. ಕುದಿಸಿದ ಸಿರಿಂಜಿಗೆ ಎಳೆದೆ. ಸಕ್ಕರೆ ಇಲ್ಲದ ಮೈಗೆ ಅಷ್ಟು ಇನ್ಸುಲಿನ್ ಹೋದರೆ ಏನಾಗುತ್ತದೆ ಎಂಬುದು ನನಗೆ ಬಾಯಿಪಾಠ. ರಕ್ತದ ಸಕ್ಕರೆ ಇಳಿದು ಇಳಿದು ಮನುಷ್ಯ ಬೆವರಿ, ನಡುಗಿ, ಮೇಲೆ ಏಳುವುದಿಲ್ಲ. ಆಗಲೇ ಕಣ್ಣು ಮುಚ್ಚಿದವರಿಗೆ ಆಗಿದ್ದು ಯಾರಿಗೂ ತಿಳಿಯುವುದೂ ಇಲ್ಲ. ಅದು ಗೊತ್ತಿದ್ದೂ ನನ್ನ ಕೈ ಎಂಟು ವರ್ಷದ ಅಭ್ಯಾಸದಂತೆ ಕೆಲಸ ಮಾಡುತ್ತಿತ್ತು. ಕೈ ನಿಲ್ಲುತ್ತದೆಯೋ ಬಾಯಿ ತೆರೆಯುತ್ತದೆಯೋ ಎಂದು ಬೇರೆ ಯಾರನ್ನೋ ನೋಡುವಂತೆ ನಾನೇ ನನ್ನನ್ನು ನೋಡುತ್ತಿದ್ದೆ.

ತೊಡೆಗೆ ಚುಚ್ಚಬೇಕೆಂದು ಪಂಚೆ ಸರಿಸಿದೆ. ತೊಡೆಯ ತುಂಬ ಒಣಗಿದ ಕಜ್ಜಿಯ ಕಲೆಗಳು. ಒಂದೆರಡು ಇನ್ನೂ ಹಸಿ. ಅದರಿಂದ ಮೂಗಿಗೆ ಬಡಿದದ್ದು ಗಂಧಕದ ವಾಸನೆ, ನಾನು ಅರೆದ ಮುಲಾಮಿನದ್ದೇ. ಜೂನಿನಲ್ಲಿ ಇದೇ ಕಂಡಕ್ಟರು ಗೌಡರ ಕೆಲಸದವರಿಗೆ ಎಂದು ಎರಡು ಡಬ್ಬಿ ತೆಗೆದುಕೊಂಡು ಹೋಗಿದ್ದ. ಮನೆಯವರಿಗೂ ತಿಳಿಯದ ಹಾಗೆ ಗೌಡರು ಅದನ್ನು ತಾವೇ ಹಚ್ಚಿಕೊಂಡಿದ್ದರು. ಪಂಚೆ ಸರಿದದ್ದು ಗೊತ್ತಾಗಿ ಅವರು ಆ ಮಂಪರಿನಲ್ಲೂ ಕೈ ಚಾಚಿ ಅದನ್ನು ಎಳೆದುಕೊಳ್ಳಲು ನೋಡಿದರು. ಆ ಕೈ ನನ್ನ ಕೈಗೆ ತಾಗಿತು. ಸಿರಿಂಜನ್ನು ತಟ್ಟೆಯಲ್ಲಿ ಇಟ್ಟೆ.

ಒಳಕೋಣೆಯ ಬಾಗಿಲಿಗೆ ಹೋಗಿ, "ಡಾಕ್ಟ್ರೆ, ಇಂಜೆಕ್ಷನ್ ಕೊಡುದು ಬೇಡ" ಎಂದೆ. "ಇವರಿಗೆ ಕಜ್ಜಿ ಆಗಿತ್ತು, ಮೈಯಲ್ಲಿ ಉಂಟು. ಸಕ್ಕರೆ ಇವರದ್ದಲ್ಲ. ಅದು ಬಾಟ್ಲಿಯ ಜೇನು, ನಾವು ಹಿಂದೆ ಕಳಿಸಿದ ಬಾಟ್ಲಿ."

ಡಾಕ್ಟ್ರು ಬಂದು ತೊಡೆ ನೋಡಿದರು, ಸಿರಿಂಜು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬಾಟ್ಲಿಯ ವಿಷಯ ನಿನಗೆ ಯಾವಾಗ ಗೊತ್ತಾಯ್ತು?"

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ಇವತ್ತಿಗೂ ತಿಳಿಯದು. ಅಷ್ಟರಲ್ಲಿ ಫೆಲಿಕ್ಸ್ ತನ್ನ ಮೇಜಿನಿಂದ ಎದ್ದು ಬಂದ.

"ಈಗ ಗೊತ್ತಾದ್ದು ಡಾಕ್ಟ್ರೆ. ಬಾಟ್ಲಿ ಮೇಲೆ ನನಗೆ ಸಂಶಯ ಬಂತು, ನಾನೇ ಇವರ ಹತ್ರ ಕೇಳಿದೆ. ಮೊದಲೇ ಮೂಸಿ ನೋಡ್ಬೇಕಿತ್ತು. ತಪ್ಪು ನನ್ನದು."

ಡಾಕ್ಟ್ರು ಅವನಿಗೆ ಬೈದರು. ಬೆಂಚಿನ ಮೇಲೆ ಕೂತ ಇಪ್ಪತ್ತು ಜನರೆದುರು, ಪದ್ಮಯ್ಯನೆದುರು, ಮಂಗಳೂರಿನಲ್ಲಿ ಇದನ್ನೇ ಕಲಿತದ್ದಾ, ಒಂದು ಜೀವ ಹೋಗುತ್ತಿತ್ತಲ್ಲ ಎಂದು ಬೈದರು. ಫೆಲಿಕ್ಸ್ ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡ. ಇಡೀ ಮಳೆಗಾಲ ನಾನು ಬೇಡಿಕೊಂಡದ್ದು ನನ್ನ ಕಣ್ಣೆದುರೇ ನಡೆಯುತ್ತಿತ್ತು. ಅಲ್ಲ, ನಾನು ಹೇಳದೆ ಇದ್ದದ್ದು ಎಂದು ಒಂದು ಮಾತು ಸಾಕಿತ್ತು. ಆ ಒಂದು ಮಾತನ್ನು ನಾನು ಆಡಲಿಲ್ಲ.

ಗೌಡರನ್ನು ಹತ್ತಿರದಲ್ಲೇ ಒಂದು ಮನೆಯಲ್ಲಿ ಇಟ್ಟುಕೊಂಡು ಪೆನ್ಸಿಲಿನ್ ಕೊಟ್ಟೆವು. ಉಪ್ಪು ಪೂರ್ತಿ ಬಂದ್, ನೀರು ಅಳೆದು. ಮೂರನೆಯ ದಿನ ಮೂತ್ರ ಬಂತು. ಕಪ್ಪು ಚಹದ ಬಣ್ಣ, ಆದರೆ ಬಂತು. ಫೆಲಿಕ್ಸ್ ಅದನ್ನು ಕುದಿಸಿದಾಗ ನೀಲಿ ನೀಲಿಯೇ ಉಳಿಯಿತು. ಹದಿನೈದು ದಿನದಲ್ಲಿ ಊತ ಇಳಿದು ಗೌಡರು ಎದ್ದು ನಡೆದರು.

ನೀಲಿ ಉಳಿದ ಆ ದಿನ ಶಾಪಿನಲ್ಲಿ ನಾವಿಬ್ಬರೇ ಇದ್ದಾಗ ಫೆಲಿಕ್ಸ್ ನಳಿಗೆ ತೊಳೆಯುತ್ತ, ನನ್ನ ಕಡೆಗೆ ತಿರುಗದೆ, ಮಾತು ಎತ್ತಿದ.

"ವಾಸಣ್ಣ, ಅವತ್ತು ನೀವು ಬಾಟ್ಲಿ ಮೂಸಿದ್ದು, ನಕ್ಕದ್ದು ನಾನು ನೋಡಿದ್ದೆ. ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ."

ನಳಿಗೆಗಳನ್ನು ಸಾಲಾಗಿ ಕವುಚಿ ಇಟ್ಟ. ಇನ್ನು ಹೊರಗಿನ ಬಾಟ್ಲಿ ಬಂದರೆ ಮೊದಲು ನೀವು ನೋಡಿ ಕೊಡಿ, ನಿಮಗೆ ಊರಿನವರ ಪಾತ್ರೆಗಳ ಗುರುತು ಉಂಟು ಎಂದ. ಅದರಲ್ಲಿ ಕೊಂಕು ಇತ್ತೇ ಎಂದು ನಾನು ಎಷ್ಟೋ ವರ್ಷ ಹುಡುಕಿದ್ದೇನೆ. ಸಿಕ್ಕಿದ್ದರೆ ಎಷ್ಟು ಹಗುರಾಗುತ್ತಿತ್ತು.

ಅವನು ಸುಳ್ಯದಲ್ಲಿ ಇದ್ದದ್ದು ಇನ್ನೊಂದು ವರ್ಷ. ಹೋಗುವ ಮೊದಲು ನನಗೆ ಎಲ್ಲ ಪರೀಕ್ಷೆಗಳನ್ನೂ ಕೈ ಹಿಡಿದು ಕಲಿಸಿದ. ಕಿಟಕಿಯ ಬೆಳಕಿನ ಮೇಜು ನನ್ನದಾಯಿತು, ಮೂವತ್ತು ವರ್ಷ ನನ್ನದೇ ಆಗಿತ್ತು. ಅವನ ವಿದ್ಯೆಯ ಮೇಲಿದ್ದ ಹೊಟ್ಟೆಕಿಚ್ಚು ಕಲಿತ ಮೇಲೆ ಹೋಯಿತು. ಆ ಶನಿವಾರ ಅವನು ಹೇಳಿದ ಸುಳ್ಳಿನ ಮೇಲಿನದ್ದು ಹೋಗಲಿಲ್ಲ. ಹಾಗೆ ಎದ್ದು ಬಂದು ಅಂಥದ್ದೊಂದು ಸುಳ್ಳು ಹೇಳುವ ಮನಸ್ಸು ಅವನಿಗೆ ಹುಟ್ಟಿನಿಂದಲೇ ಸಿಕ್ಕಿತ್ತು, ನನಗೆ ಸಿಕ್ಕಲಿಲ್ಲ. ಯಾವ ಮಂಗಳೂರಿಗೆ ಹೋದರೂ ಅದನ್ನು ಕಲಿಸುವವರಿಲ್ಲ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಗುತ್ತಿಗಾರಿನಿಂದ ಎರಡು ಬಾಟ್ಲಿ ಜೇನು ಬಂತು. ಒಂದು ಡಾಕ್ಟ್ರಿಗೆ. ಇನ್ನೊಂದು, ಕೊರಳು ಒಡೆದದ್ದು, ಸಣ್ಣ ಡಾಕ್ಟ್ರಿಗೆ ಎಂದು ಹೇಳಿ ಕಂಡಕ್ಟರು ಅದನ್ನು ನನ್ನ ಹಲಗೆಗೂ ಫೆಲಿಕ್ಸನ ಮೇಜಿಗೂ ನಡುವೆ ಇಟ್ಟು ಹೋದ. ಯಾವ ಸಣ್ಣ ಡಾಕ್ಟ್ರಿಗೆ ಎಂದು ನಾನು ಕೇಳಲಿಲ್ಲ. ಫೆಲಿಕ್ಸ್ ಬಾಟ್ಲಿಯನ್ನು ಎತ್ತಿ ನನ್ನ ಕಡೆಗೆ ಸರಿಸಿದ. "ಕಜ್ಜಿ ನೋಡಿದ್ದು ನೀವಲ್ವಾ" ಎಂದ.

ನಾನು ಅದನ್ನು ಮನೆಗೆ ತೆಗೆದುಕೊಂಡು ಹೋದೆ. ಜೇನನ್ನು ನೆರೆಮನೆಯವರಿಗೆ ಹಂಚಿದೆ. ಬಾಟ್ಲಿಗೆ ಬಿಸಿನೀರು ಹಾಕಿ, ಬೂದಿ ಹಾಕಿ, ಮತ್ತೆ ಬಿಸಿನೀರು ಹಾಕಿ ತೊಳೆದೆ. ಬಿಸಿಲಿಗೆ ಒಣಗಿಸಿ ಮೂಸಿದೆ, ಯಾವ ವಾಸನೆಯೂ ಇರಲಿಲ್ಲ. ಹಾಗೆಯೇ ಬರಿದಾಗಿ ಬಸ್ಸಿನಲ್ಲಿ ಹಿಂದೆ ಕಳಿಸಿದೆ. ಗೌಡರ ಮನೆಯಲ್ಲಿ ಎಲ್ಲರಿಗೂ ಬಹಳ ನೋವಾಯಿತಂತೆ. ನಮ್ಮಿಂದ ಎಂತ ತಪ್ಪಾಯ್ತು ಎಂದು ಕಂಡಕ್ಟರನ ಹತ್ತಿರ ಕೇಳಿ ಕಳಿಸಿದರು. ತಪ್ಪು ನಿಮ್ಮದಲ್ಲ ಎಂದರೆ ಯಾರದ್ದು ಎಂದೂ ಹೇಳಬೇಕಾಗುತ್ತಿತ್ತು, ನಾನು ಉತ್ತರ ಕಳಿಸಲಿಲ್ಲ.